ಐದು ಗಂಟೆಯ ಆಟ, ಓಡದ ಟೈಮ್‌ಲೈನ್

ಪತ್ತನಾಜೆಗೆ, ಅಂದರೆ ವರ್ಷದ ತಿರುಗಾಟ ಮುಗಿಯುವ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಸ್ವಲ್ಪ ಮೊದಲು ನಮ್ಮೂರಿನ ಗದ್ದೆಯಲ್ಲಿ ಒಂದು ಹರಕೆಯ ಆಟ ಆಯಿತು. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮೂರು. ಸಂಜೆ 7ಕ್ಕೆ ಸುರುವಾಗಿ ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿಯ ಬಯಲಾಟ. ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇರುವವರಿಗೆ ನೋಡಲು ಬೇಕು ಅಂತ ಸಮಿತಿಯವರು ಮೂರು ಕಡೆಯಿಂದ ರೆಕಾರ್ಡ್ ಮಾಡಿಸಿದ್ದರು. ಎಡಿಟಿಂಗ್ ನನ್ನ ತಲೆಗೆ ಬಂತು. ಮದುವೆ, ಉಪನಯನದ ವೀಡಿಯೊ ಆಗಾಗ ಮಾಡಿಕೊಡುವವನು ನಾನು. ಇದೂ ಹಾಗೇ ಒಂದು ವಾರದ ಕೆಲಸ ಅಂತ ಸಮಿತಿಯ ಲೆಕ್ಕ. ಮಳೆ ಹಿಡಿದು, ಗದ್ದೆಯಲ್ಲಿ ನೀರು ನಿಂತ ಮೇಲೆ ವೀಡಿಯೊ ಹೊರಗೆ ಬಂತು. ನಡುವೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ. ಊರಿನ ಆಟ, ತಾಳಮದ್ದಳೆ, ಶಾಲೆಯ ವಾರ್ಷಿಕೋತ್ಸವ ಎಡಿಟ್ ಮಾಡಲು ಹೊರಡುವವರಿಗೆ ಉಪಯೋಗಕ್ಕೆ ಬಂದೀತು.

ನನ್ನ ಕೈಗೆ ಬಂದದ್ದು ಇಷ್ಟು. ಒಂದು ಸ್ಟುಡಿಯೊದವರ ಹಳೆಯ ಕ್ಯಾಮ್‌ಕಾರ್ಡರಿನ ಎಂಟಿಎಸ್ ಫೈಲುಗಳು, ಅಂದರೆ ಎವಿಸಿಎಚ್‌ಡಿ. ಭಾವನ ಮಗ ರಂಗಸ್ಥಳದ ಬದಿಯಿಂದ ತೆಗೆದ 4ಕೆ ಫೋನ್ ವೀಡಿಯೊ. ಜನರ ಹಿಂದೆ ಸ್ಟ್ಯಾಂಡಿನಲ್ಲಿ ಇಟ್ಟಿದ್ದ ಇನ್ನೊಂದು ಫೋನಿನದ್ದು. ಧ್ವನಿವರ್ಧಕದವರು ಮಿಕ್ಸರಿನಿಂದ ನೇರ ತೆಗೆದುಕೊಟ್ಟ ಆಡಿಯೊ. ಎಲ್ಲ ಸೇರಿ ಎರಡು ಪೆನ್‌ಡ್ರೈವ್, ಒಂದು ಹಾರ್ಡ್‌ಡಿಸ್ಕ್, ಮತ್ತೆ ವಾಟ್ಸಾಪಿನಲ್ಲಿ ಬಂದ ನಾಲ್ಕು ತುಣುಕು. ವಾಟ್ಸಾಪಿನಲ್ಲಿ ಬಂದದ್ದನ್ನು ಆಗಲೇ ಬದಿಗಿಟ್ಟೆ. ಅದರಲ್ಲಿ ಕುಗ್ಗಿ ಕುಗ್ಗಿ ಚಿತ್ರವೇ ಉಳಿದಿರುವುದಿಲ್ಲ. ಮೂಲ ಫೈಲನ್ನು ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಇಲ್ಲವಾದರೆ ಕೇಬಲ್ ಹಾಕಿ ಕಾಪಿ ಮಾಡಿಸಿಕೊಳ್ಳಿ.

ಕೆಲಸಕ್ಕೆ ಕೂರುವ ಮೊದಲು ಒಂದು ಕಾಗದದ ಕೆಲಸವೂ ಇದೆ. ಯೂಟ್ಯೂಬಿಗೆ ಹಾಕುವುದಿದ್ದರೆ ಮೇಳದ ಮ್ಯಾನೇಜರ್ ಮತ್ತು ಭಾಗವತರ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತು ಸಾಲದು, ಒಂದು ಪತ್ರ ಅಥವಾ ಮೆಸೇಜ್ ಇರಲಿ. ನಮ್ಮ ಸಮಿತಿಯವರು ಆಟ ಬುಕ್ ಮಾಡುವಾಗಲೇ ಬರೆಸಿಕೊಂಡಿದ್ದರು. ಹಾಗಾಗಿ ಆ ತಲೆನೋವು ನನಗೆ ಬರಲಿಲ್ಲ.

ನಾನು ಬಳಸುವುದು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್, ಉಚಿತ ಆವೃತ್ತಿ. ಲ್ಯಾಪ್‌ಟಾಪ್ ಹಳೆಯದು, 16 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡಿಗೆ 4 ಜಿಬಿ. ಮೂರೂ ವೀಡಿಯೊ ಟೈಮ್‌ಲೈನಿನಲ್ಲಿ, ಅಂದರೆ ತುಣುಕುಗಳನ್ನು ಜೋಡಿಸುವ ಪಟ್ಟಿಯಲ್ಲಿ, ಒಂದರ ಮೇಲೊಂದು ಇಟ್ಟು ಪ್ಲೇ ಒತ್ತಿದೆ. ಒಂದು ಫ್ರೇಮ್ ಬಂತು, ನಿಂತಿತು. ಮತ್ತೊಂದು ಬಂತು, ನಿಂತಿತು. ಪದ್ಯ ಮುಂದೆ ಹೋಗುತ್ತಿದೆ, ವೇಷ ಹಿಂದೆಯೇ ನಿಂತಿದೆ. ಟೈಮ್‌ಲೈನಿನ ಮೇಲೆ ಉದ್ದಕ್ಕೂ ಕೆಂಪು ಗೆರೆ.

ಈ ಗೆರೆಯ ಅರ್ಥ ಹೇಳಿಬಿಡುತ್ತೇನೆ. ರೆಂಡರ್ ಕ್ಯಾಶ್ (ಸರಾಗ ಓಡಲಿ ಅಂತ ಮೊದಲೇ ತಯಾರಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಚಿತ್ರ) ಆನ್ ಇರುವಾಗ ಈ ಭಾಗವನ್ನು ಇನ್ನೂ ರೆಂಡರ್ ಮಾಡಬೇಕಾಗಿದೆ ಅನ್ನುವುದಕ್ಕೆ ರಿಸಾಲ್ವಿನಲ್ಲಿ ಕೆಂಪು. ರೆಂಡರ್ ಆದ ಮೇಲೆ ನೀಲಿ. ಪ್ರೀಮಿಯರ್ ಪ್ರೊ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕೆಂಪು, ಹಳದಿ, ಹಸಿರು ಅಂತ ಮೂರು ಬಣ್ಣ. ಅಲ್ಲಿ ಹಸಿರು ಅಂದರೆ ರೆಂಡರ್ ಆಗಿದೆ, ಹಳದಿ ಅಂದರೆ ರೆಂಡರ್ ಇಲ್ಲದೆಯೂ ಓಡೀತು, ಕೆಂಪು ಅಂದರೆ ಓಡುವುದು ಅನುಮಾನ.

ಕ್ಯಾಶ್ ಸ್ಮಾರ್ಟ್ ಮೋಡಿನಲ್ಲಿತ್ತು. ಹಾಗಿದ್ದರೆ ಎಫೆಕ್ಟ್ ಹಾಕಿದ ಕಡೆ ಮಾತ್ರ ಅಲ್ಲ, ಎಚ್.264ರಂಥ ಕೋಡೆಕ್ಕಿನ (ವೀಡಿಯೊ ಕುಗ್ಗಿಸಿಡುವ ವಿಧಾನದ) ಭಾರದ ಫೈಲುಗಳನ್ನೂ ಅದು ತಾನಾಗಿ ರೆಂಡರ್ ಮಾಡುತ್ತದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಗೆರೆಯ ಒಂದು ತುದಿ ನೀಲಿಯಾಗಿತ್ತು. ಖುಷಿಯಾಯಿತು. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಸಿ ಡ್ರೈವ್ ತುಂಬಿ, ವಿಂಡೋಸೇ ತೆವಳುತ್ತಿತ್ತು. ಐದು ಗಂಟೆಯ ವೀಡಿಯೊಗೆ ಕ್ಯಾಶ್ ಮಾಡುತ್ತಾ ಹೋದರೆ ಜಾಗ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಕ್ಯಾಶ್ ಆದ ಕ್ಲಿಪ್ಪಿನ ಬಣ್ಣ ಸ್ವಲ್ಪ ಬದಲಿಸಿದರೂ ಅಲ್ಲಿ ಮತ್ತೆ ಕೆಂಪು. ಕ್ಯಾಶ್ ಇರುವುದು ಸಣ್ಣ ತುಣುಕುಗಳಿಗೆ, ಟೈಟಲ್‌ಗಳಿಗೆ, ಎಫೆಕ್ಟ್ ಇರುವ ಜಾಗಕ್ಕೆ. ಇಡೀ ಆಟ ಅದರಲ್ಲಿ ಓಡುವುದಿಲ್ಲ. ಪ್ಲೇಬ್ಯಾಕ್ ಮೆನುವಿನಲ್ಲಿ 'ಡಿಲೀಟ್ ರೆಂಡರ್ ಕ್ಯಾಶ್' ಅಂತ ಇದೆ. ಅದನ್ನು ಒತ್ತಿ ಜಾಗ ಬಿಡಿಸಿಕೊಂಡೆ. ಕ್ಯಾಶ್ ಎಲ್ಲಿ ಕೂರಬೇಕು ಅನ್ನುವುದನ್ನು ಪ್ರಾಜೆಕ್ಟ್ ಸೆಟ್ಟಿಂಗ್ಸಿನ 'ವರ್ಕಿಂಗ್ ಫೋಲ್ಡರ್ಸ್'ನಲ್ಲಿ ಬದಲಿಸಬಹುದು. ಸಿ ಡ್ರೈವಿನಲ್ಲಿ ಬಿಡಲೇಬೇಡಿ.

ಈ ನಡುವೆ ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿದ್ದೆ. ಅವರು ಮುಚ್ಚಳ ತೆರೆಯುವ ಮೊದಲೇ ಹೊಸದು ತೆಗೆದುಕೊಳ್ಳಿ ಅಂದರು. ಹೇಳಿದ ರೇಟಿಗೆ ಒಂದು ಒಳ್ಳೆಯ ಹಳೆಯ ಬೈಕ್ ಬರುತ್ತಿತ್ತು. ಸುಮ್ನೆ ವಾಪಸು ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದೇ ಯಂತ್ರದಲ್ಲಿ ಮದುವೆಯ ವೀಡಿಯೊ ಓಡುತ್ತಿತ್ತಲ್ಲ? ಹಾಗಾದರೆ ತೊಂದರೆ ಫೈಲುಗಳಲ್ಲಿಯೇ ಇರಬೇಕು.

ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದು ಹಾಕಿದರೆ ಜಾತಕ ಪೂರ್ತಿ ತೋರಿಸುತ್ತದೆ. ನನಗೆ ಸಿಕ್ಕಿದ ಜಾತಕ ಹೀಗಿತ್ತು. ಕ್ಯಾಮ್‌ಕಾರ್ಡರ್: ಎಚ್.264, 1080, ಇಂಟರ್‌ಲೇಸ್ಡ್, 25 ಫ್ರೇಮ್. 4ಕೆ ಫೋನ್: ಎಚ್.265, ಫ್ರೇಮ್ ರೇಟ್ ಮೋಡ್ ಎದುರು 'ವೇರಿಯೇಬಲ್'. ಎರಡನೇ ಫೋನ್: ಎಚ್.264, ಅದೂ ವೇರಿಯೇಬಲ್. ಮಿಕ್ಸರ್ ಆಡಿಯೊ: 44.1 ಕಿಲೋಹರ್ಟ್ಸ್. ಮೂರು ವೀಡಿಯೊದಲ್ಲಿ ಮೂರು ಬಗೆಯ ರೋಗ. ಒಂದೊಂದಾಗಿ ಹೇಳುತ್ತೇನೆ.

ಮೊದಲಿಗೆ, ಫೈಲ್ ಸಣ್ಣದಿದ್ದರೂ ಯಂತ್ರಕ್ಕೆ ಯಾಕೆ ಭಾರ? ಎಚ್.264, ಎಚ್.265 ಎರಡೂ ಪ್ರತಿ ಫ್ರೇಮನ್ನು ಪೂರ್ತಿಯಾಗಿ ಇಡುವುದಿಲ್ಲ. ಒಂದು ಫ್ರೇಮ್ ಪೂರ್ತಿ, ಆಮೇಲಿನ ಹತ್ತಾರು ಫ್ರೇಮಿನಲ್ಲಿ ಏನು ಬದಲಾಯಿತು ಅನ್ನುವುದು ಮಾತ್ರ. ಬ್ಯಾಲೆನ್ಸ್ ಕಾಲಮ್ಮೇ ಇಲ್ಲದ ಪಾಸ್‌ಬುಕ್ ಇದ್ದಂತೆ. ಇವತ್ತಿನ ಮೊತ್ತ ಗೊತ್ತಾಗಬೇಕಾದರೆ ಹಿಂದಿನಿಂದ ಕೂಡಿ ಕಳೆದು ಬರಬೇಕು. ಸುಮ್ಮನೆ ಕೂತು ನೋಡುವಾಗ ಇದು ತೊಂದರೆ ಅಲ್ಲ. ಎಡಿಟಿಂಗಿನಲ್ಲಿ ಹಿಂದೆ ಮುಂದೆ ಹಾರುತ್ತೇವೆ, ಅದೂ ಮೂರು ಕ್ಯಾಮೆರಾ ಒಟ್ಟಿಗೆ. ಆಗ ಪ್ರೊಸೆಸರ್ ಬೆವರುತ್ತದೆ. ಡಿಎನ್‌ಎಕ್ಸ್‌ಎಚ್‌ಆರ್, ಪ್ರೊರೆಸ್ ತರದ ಕೋಡೆಕ್‌ಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಫೈಲ್ ದೊಡ್ಡದು, ಆದರೆ ಯಂತ್ರಕ್ಕೆ ಹಗುರ.

ದೊಡ್ಡದು ಅಂದರೆ ಎಷ್ಟು? 1080, 25 ಫ್ರೇಮಿಗೆ ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ ಸೆಕೆಂಡಿಗೆ ಸುಮಾರು 120 ಮೆಗಾಬಿಟ್. ಗಂಟೆಗೆ 54 ಜಿಬಿ. ಮೂರು ಕ್ಯಾಮೆರಾ, ತಲಾ 5 ಗಂಟೆ ಅಂದರೆ 810 ಜಿಬಿ. ಅದೇ ಎಲ್‌ಬಿ ಅನ್ನುವ ಹಗುರ ಬಗೆಯಲ್ಲಿ ಗಂಟೆಗೆ ಸುಮಾರು 16 ಜಿಬಿ, ಒಟ್ಟು 240 ಜಿಬಿ. ನೋಡಿಕೊಂಡು ಕತ್ತರಿಸಲು ಎಲ್‌ಬಿ ಧಾರಾಳ ಸಾಕು. ಅದನ್ನೇ ಪ್ರಾಕ್ಸಿ ಅನ್ನುವುದು. ಕತ್ತರಿಸುವುದು ಪ್ರಾಕ್ಸಿಯಲ್ಲಿ, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು ಮೂಲ ಫೈಲಿನಿಂದ. ರಿಸಾಲ್ವಿನಲ್ಲಿ ಕ್ಲಿಪ್ಪಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಜನರೇಟ್ ಪ್ರಾಕ್ಸಿ ಮೀಡಿಯಾ' ಒತ್ತಿದರೆ ಆಯಿತು. ಯಾವ ಬಗೆ, ಎಷ್ಟು ರೆಸಲ್ಯೂಷನ್ ಅಂತ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್ಸಿನಲ್ಲಿ ಹೇಳಿಡಬೇಕು.

ಆದರೆ ಎಡವುವ ಜಾಗ ಇರುವುದು ಇಲ್ಲೇ. ವೇರಿಯೇಬಲ್ ಫ್ರೇಮ್ ರೇಟಿನ ಫೋನ್ ಫೈಲಿಗೆ ನೇರ ಪ್ರಾಕ್ಸಿ ಮಾಡಿದರೆ ಓಟ ಸರಿಯಾಗುತ್ತದೆ, ರೋಗ ಹಾಗೇ ಉಳಿಯುತ್ತದೆ. ಫೋನ್ 30 ಫ್ರೇಮ್ ಅಂತ ಹೇಳುತ್ತದೆ. ಕತ್ತಲೆ ಜಾಸ್ತಿಯಾದರೆ, ಫೋನ್ ಬಿಸಿಯಾದರೆ 30ಕ್ಕಿಂತ ಕಡಿಮೆ ತೆಗೆದು ಸುಮ್ಮನಿರುತ್ತದೆ. ಬಯಲಾಟದಲ್ಲಿ ಕತ್ತಲೆಗೇನು ಬರ? ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ಲಯ ಅಂತ ನಂಬಿಕೊಂಡು ಓಡುತ್ತದೆ. ಪೂರ್ವರಂಗದಲ್ಲಿ ಎಲ್ಲ ಸರಿ ಇತ್ತು. ಒಂದು ಗಂಟೆ ದಾಟುವಾಗ ಕೋಲು ಚೆಂಡೆಗೆ ಬಿದ್ದು ಮೇಲೆದ್ದ ಮೇಲೆ ಪೆಟ್ಟು ಕೇಳುತ್ತಿತ್ತು. ಕೊನೆಯ ಯುದ್ಧದ ಹೊತ್ತಿಗೆ ಕುಣಿತಕ್ಕೂ ಚೆಂಡೆಗೂ ಸಂಬಂಧವೇ ಇರಲಿಲ್ಲ. ನಿವೃತ್ತ ಮಾಷ್ಟ್ರೊಬ್ಬರು ಮನೆಗೆ ಬಂದವರು ಎರಡು ನಿಮಿಷ ನೋಡಿ, "ಇದೇನು, ಮದ್ದಳೆಯವರಿಗೆ ನಿದ್ದೆಯಾ?" ಅಂತ ಕೇಳಿಯೇಬಿಟ್ಟರು.

ಹಾಗಾಗಿ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪ್ರಾಕ್ಸಿ. ಹ್ಯಾಂಡ್‌ಬ್ರೇಕ್ ವೀಡಿಯೊ ಫೈಲನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಸಾಫ್ಟ್‌ವೇರ್, ಅದೂ ಉಚಿತ. ವೀಡಿಯೊ ಟ್ಯಾಬಿನಲ್ಲಿ ಫ್ರೇಮ್ ರೇಟ್ 25 ಅಂತ ಕೊಟ್ಟು, ಕೆಳಗೆ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ. ಕ್ವಾಲಿಟಿಗೆ ಆರ್‌ಎಫ್ 18 ಇಟ್ಟೆ. ಈ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. 25 ಯಾಕೆ ಅಂದರೆ ಮುಖ್ಯ ಕ್ಯಾಮೆರಾ 25ರದ್ದು. 30ರ ಫೋನನ್ನು 25ಕ್ಕೆ ಇಳಿಸಿದರೆ ಪ್ರತಿ 6 ಫ್ರೇಮಿಗೆ ಒಂದು ಬಿದ್ದುಹೋಗುತ್ತದೆ. ಕ್ಯಾಮೆರಾ ಬೇಗ ತಿರುಗಿಸಿದ ಕಡೆ ಸಣ್ಣ ಕುಲುಕು ಕಾಣುತ್ತದೆ. ಫೋನನ್ನು ಹತ್ತಿರದ ದೃಶ್ಯಕ್ಕೆ ಮಾತ್ರ ಬಳಸಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಕ್ಯಾಮ್‌ಕಾರ್ಡರಿನ ರೋಗ ಬೇರೆ. ಇಂಟರ್‌ಲೇಸ್ಡ್ ಅಂದರೆ ಒಂದು ಫ್ರೇಮಿನಲ್ಲಿ ಎರಡು ಕ್ಷಣಗಳು, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಹೆಣೆದಿರುತ್ತವೆ. ಹಳೆಯ ಟಿವಿಗೆ ಅದು ಸರಿ. ಕಂಪ್ಯೂಟರಿನಲ್ಲಿ, ನಿಂತ ವೇಷ ಚೆನ್ನಾಗಿಯೇ ಕಾಣುತ್ತದೆ. ಪುಂಡುವೇಷ ಧಿಂಗಿಣ ಹೊಡೆಯಲು ಸುರುಮಾಡಿದ ಕೂಡಲೇ ಅಂಚೆಲ್ಲ ಬಾಚಣಿಗೆಯ ಹಲ್ಲು. ಹ್ಯಾಂಡ್‌ಬ್ರೇಕಿನ ಫಿಲ್ಟರ್ ಟ್ಯಾಬಿನಲ್ಲಿ ಡಿಇಂಟರ್‌ಲೇಸ್ ಇದೆ, ಯಾಡಿಫ್ ಅಥವಾ ಬಿಡಬ್ಲ್ಯುಡಿಫ್ ಆರಿಸಿದರೆ ಹೋಗುತ್ತದೆ. 'ಬಾಬ್' ಆಯ್ಕೆ ಮಾಡಿ, ಫ್ರೇಮ್ ರೇಟ್ 50 ಕೊಟ್ಟರೆ 25ರ ಬದಲು 50 ಫ್ರೇಮ್ ಸಿಗುತ್ತದೆ, ಕುಣಿತ ಇನ್ನೂ ನಯ. ಜಾಗ ಮತ್ತು ಸಮಯ ನೋಡಿ ನಾನು 25ರಲ್ಲೇ ನಿಂತೆ. ಜಾಗ ಇದ್ದವರು 50ರಲ್ಲಿ ಮಾಡಿ. ಯಕ್ಷಗಾನಕ್ಕೆ ಅದೇ ಚಂದ.

ಎಂಟಿಎಸ್ ಫೈಲುಗಳಲ್ಲಿ ಇನ್ನೊಂದು ಕಿರಿಕಿರಿ. ಕಾರ್ಡಿನ ಫೈಲ್ ಮಿತಿಯಿಂದಾಗಿ ಕ್ಯಾಮೆರಾ ಉದ್ದದ ರೆಕಾರ್ಡಿಂಗನ್ನು ತುಂಡು ತುಂಡು ಮಾಡಿ ಬರೆದಿರುತ್ತದೆ. ಬರೀ ತುಂಡುಗಳನ್ನು ಜೋಡಿಸಿದರೆ ಜೋಡಣೆಯಲ್ಲಿ ಶಬ್ದ ಒಂದು ಕ್ಷಣ ಟಕ್ ಅನ್ನುತ್ತದೆ. ಕಾರ್ಡಿನ ಪೂರ್ತಿ ಫೋಲ್ಡರ್ ಇದ್ದರೆ ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್ ಸರಿಯಾಗಿ ಜೋಡಿಸುತ್ತದೆ. ನನಗೆ ಬಂದದ್ದು ಬರೀ ಎಂಟಿಎಸ್. ಕೇಳುವಷ್ಟರಲ್ಲಿ ಕಾರ್ಡ್ ಇನ್ಯಾರದೋ ಮದುವೆಗೆ ಹೋಗಿ ಅಳಿಸಿಹೋಗಿತ್ತು. ಪುಣ್ಯಕ್ಕೆ ಮಿಕ್ಸರ್ ಆಡಿಯೊ ಬೇರೆ ಇತ್ತು, ಕ್ಯಾಮೆರಾದ ಶಬ್ದ ಬೇಕಾಗಲಿಲ್ಲ. ಕಾರ್ಡ್ ಕೊಡುವವರಿಗೆ ಮೊದಲೇ ಹೇಳಿ, ಫೋಲ್ಡರ್ ಪೂರ್ತಿ ಬೇಕು ಅಂತ.

ಈ ಪರಿವರ್ತನೆ ಇದೆಯಲ್ಲ, ತಾಳ್ಮೆ ಪರೀಕ್ಷೆ ನಡೆಯುವುದು ಅಲ್ಲಿ. ನನ್ನ ಯಂತ್ರದಲ್ಲಿ ಒಂದು ಗಂಟೆಯ 4ಕೆ ಮುಗಿಯಲು ಅದರ ಹಲವು ಪಟ್ಟು ಹೊತ್ತು ಹೋಯಿತು. ರಾತ್ರಿ ಕ್ಯೂ ಹಾಕಿ ಮಲಗುವುದು, ಬೆಳಿಗ್ಗೆ ಎದ್ದು ನೋಡುವುದು. ಅಷ್ಟರಲ್ಲಿ ಮಳೆ ಬಂತು. ಗುಡುಗು ಸುರುವಾದರೆ ನಮ್ಮ ಕಡೆ ಮನೆಯ ಪ್ಲಗ್ಗೆಲ್ಲ ಎಳೆದಿಡುವುದು ರೂಢಿ. ನಡುರಾತ್ರಿ ಅಮ್ಮ ಎದ್ದು, "ಮಗಾ, ಮಿಂಚುತ್ತಾ ಇದೆ, ಅದರ ವಯರು ತೆಗಿ" ಅಂದರೆ ಏನು ಮಾಡುವುದು? ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಅರ್ಧಕ್ಕೆ ನಿಂತ ಎಂಪಿ4 ಫೈಲ್ ತೆರೆಯುವುದೂ ಇಲ್ಲ, ಯಾಕೆಂದರೆ ಅದರ ಸೂಚಿ ಬರೆಯುವುದು ಕೊನೆಯಲ್ಲಿ. ಆಗ ಕ್ಯಾಮೆರಾ ತುಂಡುಗಳು ವರವಾದವು. ಒಂದೊಂದು ತುಂಡನ್ನೂ ಬೇರೆ ಬೇರೆ ಕೆಲಸವಾಗಿ ಕ್ಯೂ ಹಾಕಿದೆ. ಕರೆಂಟು ಹೋದರೆ ಹಾಳಾಗುವುದು ಒಂದು ತುಂಡು ಮಾತ್ರ.

ಖರ್ಚು ಬಂದದ್ದು ಒಂದು ಟಿಬಿಯ ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ. ಹಣ ಸಮಿತಿಯೇ ಕೊಟ್ಟಿತು, ಡಿಸ್ಕ್ ಸಮಿತಿಯದ್ದು ಅಂತ ಬರೆದುಕೊಟ್ಟೆ. ತಿರುಗುವ ಹಾರ್ಡ್‌ಡಿಸ್ಕ್ ಯಾಕೆ ಸಾಲದು ಅಂತ ಕೇಳಬಹುದು. ಒಂದೇ ವೀಡಿಯೊ ಆದರೆ ಸಾಕು. ಮೂರು ಒಟ್ಟಿಗೆ ಓಡುವಾಗ ಅದರ ಮುಳ್ಳು ಮೂರು ಕಡೆಗೆ ಓಡಾಡಿ ಸುಸ್ತಾಗುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೂ ಟೈಮ್‌ಲೈನ್ ತಡವರಿಸಿತು. ನೋಡಿದರೆ ಲ್ಯಾಪ್‌ಟಾಪಿನ ಎಡಬದಿಯ ಪೋರ್ಟ್ ಯುಎಸ್‌ಬಿ 2.0. ಅದರ ಮಿತಿ ಕಾಗದದಲ್ಲಿ 480 ಮೆಗಾಬಿಟ್, ಕೈಗೆ ಸಿಗುವುದು ಇನ್ನೂ ಕಡಿಮೆ. ಬಲಬದಿಯ ನೀಲಿ ಪೋರ್ಟಿಗೆ, ಅಂದರೆ ವೇಗದ ಯುಎಸ್‌ಬಿ 3ಕ್ಕೆ, ಬದಲಿಸಿದೆ. ಮೂರೂ ಕ್ಯಾಮೆರಾ ನೀರಿನ ಹಾಗೆ ಓಡಿದವು. ಆ ರಾತ್ರಿ ನಾನು ಕೆಲಸ ಮಾಡಲೇ ಇಲ್ಲ, ಸುಮ್ನೆ ಕೂತು ಆಟ ನೋಡಿದೆ.

ಹೊಸದಾಗಿ ಸುರುಮಾಡುವಾಗ ಇನ್ನೊಂದು ಅಡ್ಡಿ ಬಂತು. ಭಾವನ ಮಗ ಮೊದಲೇ ಒಂದು ಪ್ರಾಜೆಕ್ಟ್ ತೆರೆದು, ಫೋನ್ ಕ್ಲಿಪ್ ಹಾಕಿಟ್ಟಿದ್ದ. ಅದು 30 ಫ್ರೇಮಿಗೆ ಬೀಗ ಹಾಕಿಕೊಂಡಿತ್ತು. ರಿಸಾಲ್ವಿನಲ್ಲಿ ಫೈಲುಗಳು ಒಳಗೆ ಬಂದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಹೊಸ ಪ್ರಾಜೆಕ್ಟ್ ತೆರೆದು, ಏನೂ ಹಾಕುವ ಮೊದಲು 25 ಕೊಟ್ಟೆ.

ಸಿಂಕ್ ಮಾಡುವುದರಲ್ಲಿ ಒಂದು ಸೂಕ್ಷ್ಮ ಇದೆ. ಶಬ್ದದ ಅಲೆ ನೋಡಿ ಸಾಫ್ಟ್‌ವೇರ್ ತಾನೇ ಜೋಡಿಸುತ್ತದೆ. ಆದರೆ ಜನರ ಹಿಂದೆ, 30 ಮೀಟರ್ ದೂರದಲ್ಲಿ ಇದ್ದ ಫೋನಿಗೆ ಚೆಂಡೆಯ ಶಬ್ದ ತಲುಪುವಾಗ ಸೆಕೆಂಡಿನ ಹನ್ನೆರಡನೇ ಒಂದು ಭಾಗ ಕಳೆದಿರುತ್ತದೆ. 25 ಫ್ರೇಮಿನ ಲೆಕ್ಕದಲ್ಲಿ ಎರಡು ಫ್ರೇಮ್. ಶಬ್ದಕ್ಕೆ ಸರಿಮಾಡಿದರೆ ಚಿತ್ರ ಎರಡು ಫ್ರೇಮ್ ಮುಂದೆ ಹೋಗುತ್ತದೆ. ಕುಣಿತದಲ್ಲಿ ಅದು ಗೊತ್ತಾಗುತ್ತದೆ. ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದು ಬರುವಾಗ ರಾಳ ಎರಚುತ್ತಾರಲ್ಲ, ಆ ಬೆಂಕಿ ಭಗ್ಗನೆ ಎದ್ದ ಫ್ರೇಮ್ ಮೂರೂ ಕ್ಯಾಮೆರಾದಲ್ಲಿ ಸ್ಪಷ್ಟ ಇತ್ತು. ಅದನ್ನೇ ಗುರುತು ಇಟ್ಟುಕೊಂಡು ಕೈಯಿಂದ ಜೋಡಿಸಿದೆ. ಮಿಕ್ಸರ್ ಆಡಿಯೊವನ್ನು 48 ಕಿಲೋಹರ್ಟ್ಸಿಗೆ ಮಾಡಿಕೊಂಡೆ. ಅದಾದ ಮೇಲೂ ಎರಡು ಯಂತ್ರದ ಗಡಿಯಾರ ಒಂದೇ ಆಗಿರುವುದಿಲ್ಲ. ಗಂಟೆಗೆ ಒಂದೆರಡು ಫ್ರೇಮ್ ಸರಿಯುವುದುಂಟು. ಪ್ರತಿ ಪ್ರವೇಶದ ಹತ್ತಿರ ಕತ್ತರಿಸಿ, ಸ್ವಲ್ಪ ಸ್ವಲ್ಪ ಸರಿಮಾಡುತ್ತಾ ಬಂದೆ.

ಆ ಬೆಂಕಿಯೇ ಎಕ್ಸ್‌ಪೋರ್ಟಿನಲ್ಲಿ ಕಾಟ ಕೊಟ್ಟಿತು. ಹೊಗೆ, ಕಿಡಿ, ಓಡುವ ಜನ, ಕತ್ತಲೆ. ಕೋಡೆಕ್ಕಿಗೆ ಇದಕ್ಕಿಂತ ಕಷ್ಟದ ದೃಶ್ಯ ಇಲ್ಲ. 1080, 25 ಫ್ರೇಮಿಗೆ ಯೂಟ್ಯೂಬ್ ಹೇಳುವುದು 8 ಮೆಗಾಬಿಟ್. ಅಷ್ಟರಲ್ಲಿ ಮಹಿಷಾಸುರನ ಮುಖದ ಸುತ್ತ ಚೌಕ ಚೌಕ ಕಂಡಿತು. ಇಡೀ ಆಟ ಎಕ್ಸ್‌ಪೋರ್ಟ್ ಮಾಡಿ ನೋಡಬೇಡಿ. ಅತಿ ಕಷ್ಟದ ಎರಡು ನಿಮಿಷಕ್ಕೆ ಇನ್, ಔಟ್ ಹಾಕಿ ಪರೀಕ್ಷಿಸಿ. ಅದನ್ನು ಅನ್‌ಲಿಸ್ಟೆಡ್ ಆಗಿ ಅಪ್‌ಲೋಡ್ ಮಾಡಿ ನೋಡಿ, ಯಾಕೆಂದರೆ ಯೂಟ್ಯೂಬ್ ತಾನೂ ಒಮ್ಮೆ ಕುಗ್ಗಿಸುತ್ತದೆ. ನನಗೆ ಸರಿಬಂದದ್ದು 1440ಕ್ಕೆ ಹಿಗ್ಗಿಸಿ, 16 ಮೆಗಾಬಿಟ್ಟಿನಲ್ಲಿ ಕೊಟ್ಟದ್ದು. ದೊಡ್ಡ ರೆಸಲ್ಯೂಷನ್ನಿಗೆ ಯೂಟ್ಯೂಬ್ ಸಾಮಾನ್ಯವಾಗಿ ಹೆಚ್ಚು ಬಿಟ್‌ರೇಟ್, ಒಳ್ಳೆಯ ಕೋಡೆಕ್ ಕೊಡುತ್ತದೆ. ಉಚಿತ ರಿಸಾಲ್ವ್ 3840×2160 ತನಕ ಎಕ್ಸ್‌ಪೋರ್ಟ್ ಮಾಡುವುದರಿಂದ ಅಡ್ಡಿ ಇಲ್ಲ. ಎಕ್ಸ್‌ಪೋರ್ಟಿನ ಮೊದಲು ಪ್ರಾಕ್ಸಿ ಬಳಸುವ ಆಯ್ಕೆ ಆಫ್ ಇದೆಯಾ ನೋಡಿಕೊಳ್ಳಿ.

ಒಟ್ಟು ಫೈಲ್ 36 ಜಿಬಿ ಆಯಿತು. ಅಪ್‌ಲೋಡ್ ವೇಗ 20 ಮೆಗಾಬಿಟ್ ಇದ್ದರೆ 4 ಗಂಟೆ ಬೇಕು. ಯೂಟ್ಯೂಬಿನ ಮಿತಿ 12 ಗಂಟೆ ಅಥವಾ 256 ಜಿಬಿ, ಹಾಗಾಗಿ ತೊಂದರೆ ಇಲ್ಲ. ಹೊಸ ಚಾನೆಲ್ ಆದರೆ 15 ನಿಮಿಷದ ಮೇಲಿನದ್ದಕ್ಕೆ ಫೋನ್ ನಂಬರಿನಿಂದ ವೆರಿಫೈ ಮಾಡಬೇಕು. ಮಸುಕಾಗಿದೆ ಅಂತ ಮೊದಲ ಗಂಟೆಯಲ್ಲೇ ದುಬೈಯಿಂದ ಫೋನ್ ಬಂತು. ಮೊದಲು ಕಡಿಮೆ ಗುಣಮಟ್ಟದ್ದು ಮಾತ್ರ ಸಿದ್ಧವಾಗುತ್ತದೆ, ಎಚ್‌ಡಿ ಆಮೇಲೆ. ಲಿಂಕ್ ಕಳಿಸುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಹಿರಿಯರಿಗೆ ಪೆನ್‌ಡ್ರೈವ್ ಬೇಕಿತ್ತು, ಟಿವಿಗೆ ಸಿಕ್ಕಿಸಿ ನೋಡಲು. ಹಳೆಯ ಟಿವಿಗಳು ಎಚ್.265 ಓದುವುದಿಲ್ಲ, ಎಕ್ಸ್‌ಫ್ಯಾಟ್ ಪೆನ್‌ಡ್ರೈವನ್ನೂ ಹೆಚ್ಚಿನವು ಓದುವುದಿಲ್ಲ. ಫ್ಯಾಟ್32 ಮಾಡಿದರೆ ಒಂದು ಫೈಲ್ 4 ಜಿಬಿ ದಾಟಬಾರದು. ಎಚ್.264, 1080, 8 ಮೆಗಾಬಿಟ್ಟಿನಲ್ಲಿ ಒಂದು ಗಂಟೆಗೆ ಧ್ವನಿಯೂ ಸೇರಿ 4ರೊಳಗೆ ಬರುತ್ತದೆ. ಹಾಗೆ ಗಂಟೆಗೊಂದು ಫೈಲ್ ಮಾಡಿ, ಪ್ರವೇಶಗಳು ನಡುವೆ ತುಂಡಾಗದಂತೆ ನೋಡಿ ಕೊಟ್ಟೆ.

ಮುಂದಿನ ಆಟಕ್ಕೆ ಫೋನ್ ಹಿಡಿಯುವ ಹುಡುಗರಿಗೆ ಈಗಲೇ ಹೇಳಿದ್ದೇನೆ. 4ಕೆ ಬೇಡ, 1080 ಸಾಕು. ಎಚ್‌ಡಿಆರ್ ಆಫ್. ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ ಫಾರ್ಮ್ಯಾಟ್ ಆನ್ ಮಾಡಿ 25 ಇಡಿ. ಪ್ರೊ ಮೋಡ್ ಇದ್ದರೆ ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸಿನದ್ದು, ಶಟರ್ ಅದಕ್ಕೆ ಹೊಂದದಿದ್ದರೆ ರಂಗಸ್ಥಳದ ಎಲ್‌ಇಡಿ ಲೈಟು ಮಿಣಮಿಣ ಅನ್ನುತ್ತದೆ. ಅದನ್ನು ಆಮೇಲೆ ಎಡಿಟಿಂಗಿನಲ್ಲಿ ತೆಗೆಯುವುದು ಈ ಇಡೀ ಕೋಡೆಕ್ ಪುರಾಣಕ್ಕಿಂತ ಕಷ್ಟ. ಮತ್ತೆ, ರೆಕಾರ್ಡಿಂಗನ್ನು ಒಂದೇ ಉದ್ದಕ್ಕೆ ಬಿಡಬೇಡಿ. ಪ್ರಸಂಗದ ನಡುವೆ ವೇಷ ಚೌಕಿಗೆ (ಬಣ್ಣದ ಮನೆಗೆ) ಹೋದಾಗ ಒಮ್ಮೆ ನಿಲ್ಲಿಸಿ, ಮತ್ತೆ ಒತ್ತಿ. ಫೋನೂ ತಣ್ಣಗಿರುತ್ತದೆ.